ಬೂಸ್ಟ್ ಬಂದಾಗ ಡಿಪ್‌ಸ್ಟಿಕ್ ಮೇಲೇಳುವುದೇಕೆ?

ಪ್ರಶ್ನೆ: ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್‌ಗೆ ಬೆಲ್ಟಿನಿಂದ ತಿರುಗುವ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್ ಕೂರಿಸಿದ್ದೇನೆ. ಅದು ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡ, ಅಂದರೆ ಬೂಸ್ಟ್, ಗರಿಷ್ಠ ಸುಮಾರು 0.5 ಬಾರ್ (50 ಕಿಲೋಪಾಸ್ಕಲ್). ಎಂಜಿನ್ನಿನ ಒಳಗಿನ ಅನಿಲ ಹೊರಹೋಗಲು ಕಂಪನಿಯಿಂದ ಬಂದ ಪಿಸಿವಿ ವಾಲ್ವ್, ಬ್ರೀದರ್ ಪೈಪ್ ಎರಡೂ ಮೊದಲಿನಂತೆಯೇ ಇವೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸಿ ಬಂದರೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಂದೆರಡು ಸೆಂಟಿಮೀಟರ್ ಮೇಲೆದ್ದಿರುತ್ತದೆ. ಟ್ಯಾಪೆಟ್ ಕವರಿನ ಅಂಚಿನಲ್ಲಿ ಎಣ್ಣೆ ಜಿನುಗಿದೆ, ಬೂಸ್ಟ್ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಪೈಪಿನ ಒಳಗೂ ಎಣ್ಣೆಯ ಪಸೆ. ಪಿಸಿವಿ, ಬ್ರೀದರ್ ಎರಡರ ತೂತಿಗೂ ಒಂದೊಂದು ಸಣ್ಣ ಫಿಲ್ಟರ್ ಸಿಕ್ಕಿಸಿ ಹೊರಗೆ ಬಿಟ್ಟುಬಿಡು ಎನ್ನುತ್ತಾನೆ ಗೆಳೆಯ. ಒಂದು ಕ್ಯಾಚ್ ಕ್ಯಾನ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಕ್ಯಾಚ್ ಕ್ಯಾನ್ ಎಣ್ಣೆಯನ್ನು ಹಿಡಿದಿಡುತ್ತದೆಯೇ ಹೊರತು ಒತ್ತಡವನ್ನು ಇಳಿಸುವುದಿಲ್ಲ. ಸಣ್ಣ ಫಿಲ್ಟರುಗಳು ಒತ್ತಡ ಇಳಿಸಬಹುದು, ಆದರೆ ಅವುಗಳ ಜೊತೆ ಬೇರೆ ನಾಲ್ಕು ತೊಂದರೆ ಬರುತ್ತವೆ. ನಿಮ್ಮ ಎಂಜಿನ್ ಹೇಳುತ್ತಿರುವುದು ಒಂದೇ ಮಾತು: ಬೂಸ್ಟ್ ಇರುವಾಗ ಕ್ರ್ಯಾಂಕ್‌ಕೇಸಿನ (ಪಿಸ್ಟನ್ನುಗಳ ಕೆಳಗೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಪೆಟ್ಟಿಗೆ) ಅನಿಲಕ್ಕೆ ಹೊರಹೋಗುವ ದಾರಿ ಸಾಲುತ್ತಿಲ್ಲ, ಇಲ್ಲವೇ ಬೂಸ್ಟೇ ಒಳಗೆ ನುಗ್ಗುತ್ತಿದೆ. ಯಾವುದೆಂದು ಗೊತ್ತಾಗುವ ತನಕ ಏನನ್ನೂ ಕೊಳ್ಳಬೇಡಿ.

ಪಿಸ್ಟನ್ ರಿಂಗ್ ಎಷ್ಟೇ ಚೆನ್ನಾಗಿದ್ದರೂ ಪೂರ್ತಿ ಮುಚ್ಚುವುದಿಲ್ಲ. ಸಿಲಿಂಡರಿನ ಒತ್ತಡ ಏರಿದಾಗ ಅರೆಬೆಂದ ಇಂಧನ, ಹೊಗೆ, ನೀರಾವಿ ಎಲ್ಲ ಸೇರಿದ ಅನಿಲ ರಿಂಗಿನ ತುದಿಗಳ ನಡುವಿನ ಸಂದಿಯಿಂದ ಕೆಳಕ್ಕೆ ಜಾರುತ್ತದೆ. ಇದೇ ಬ್ಲೋ-ಬೈ. 0.5 ಬಾರ್ ಬೂಸ್ಟ್ ಎಂದರೆ ಸಿಲಿಂಡರಿಗೆ ಮೊದಲಿಗಿಂತ ಸುಮಾರು ಒಂದೂವರೆ ಪಟ್ಟು ಗಾಳಿ ಹೋಗುತ್ತಿದೆ. ಉರಿಯುವಾಗಿನ ಒತ್ತಡವೂ ಅದಕ್ಕೆ ತಕ್ಕಂತೆ ಹೆಚ್ಚು, ಜಾರುವ ಅನಿಲವೂ ಹೆಚ್ಚು. ಬೂಸ್ಟಿಗೆಂದೇ ಕಟ್ಟಿದ ಎಂಜಿನ್ನಿನಲ್ಲಿ ರಿಂಗಿನ ತುದಿಗಳ ಸಂದಿಯನ್ನು ಬೇಕೆಂದೇ ಅಗಲ ಇಡುತ್ತಾರೆ. ಇಲ್ಲದಿದ್ದರೆ ಶಾಖಕ್ಕೆ ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿ ಪಿಸ್ಟನ್ ಒಡೆಯುತ್ತದೆ. ಅಂದರೆ ಸೂಪರ್‌ಚಾರ್ಜರ್ ಇರುವ ಎಂಜಿನ್ನಿನಲ್ಲಿ ಬ್ಲೋ-ಬೈ ಸ್ವಲ್ಪ ಹೆಚ್ಚಿರುವುದು ರೋಗವಲ್ಲ, ಅದರ ಸ್ವಭಾವ.

ಈಗ ಕಂಪನಿಯ ವ್ಯವಸ್ಥೆ ನೋಡಿ. ಕ್ರ್ಯಾಂಕ್‌ಕೇಸನ್ನು ಎರಡು ಬಾಗಿಲ ಕೋಣೆ ಎಂದುಕೊಳ್ಳಿ. ಒಂದು ಬಾಗಿಲು ಪಿಸಿವಿ ವಾಲ್ವ್ ಮೂಲಕ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೆ ತೆರೆಯುತ್ತದೆ, ಇನ್ನೊಂದು ಬ್ರೀದರ್ ಪೈಪಿನ ಮೂಲಕ ಏರ್ ಫಿಲ್ಟರ್ ಆದ ಮೇಲಿನ ಪೈಪಿಗೆ. ಐಡ್ಲಿಂಗಿನಲ್ಲಿ, ಹದವಾಗಿ ಓಡಿಸುವಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಇರುತ್ತದೆ. ಅದು ಪಿಸಿವಿ ಬಾಗಿಲಿನಿಂದ ಹೊಲಸು ಅನಿಲವನ್ನು ಎಳೆಯುತ್ತದೆ, ಬ್ರೀದರ್ ಬಾಗಿಲಿನಿಂದ ಶುದ್ಧ ಗಾಳಿ ಒಳಬಂದು ನೀರಾವಿ, ಪೆಟ್ರೋಲ್ ಆವಿಯನ್ನು ಗುಡಿಸಿಕೊಂಡು ಹೋಗುತ್ತದೆ. ಪಿಸಿವಿ ವಾಲ್ವಿನೊಳಗೆ ಸ್ಪ್ರಿಂಗ್ ಮತ್ತು ಸಣ್ಣ ಪ್ಲಂಜರ್ ಇವೆ. ವ್ಯಾಕ್ಯೂಮ್ ಜೋರಿದ್ದಾಗ ಅದು ದಾರಿಯನ್ನು ಕಿರಿದು ಮಾಡುತ್ತದೆ, ಕಡಿಮೆಯಾದಾಗ ಅಗಲ ಮಾಡುತ್ತದೆ, ಎಂಜಿನ್ ಬ್ಯಾಕ್‌ಫೈರ್ ಆದರೆ ಹಿಂದಕ್ಕೆ ಕೂತು ಬೆಂಕಿ ಕ್ರ್ಯಾಂಕ್‌ಕೇಸಿಗೆ ಹೋಗದಂತೆ ತಡೆಯುತ್ತದೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಇದು ಬಂದದ್ದು ಹೊಗೆಮಂಜನ್ನು ತಗ್ಗಿಸಲೆಂದು. ಅದಕ್ಕೂ ಮೊದಲು ಒಂದು ಕೊಳವೆ ಎಂಜಿನ್ ಕೆಳಗೆ ಇಳಿಬಿದ್ದು ಎಲ್ಲವನ್ನೂ ರಸ್ತೆಗೆ ಉಗುಳುತ್ತಿತ್ತು. ಮಾಲಿನ್ಯಕ್ಕೆಂದು ತಂದ ಈ ಏರ್ಪಾಡು ಆಯಿಲಿನ ಆಯುಸ್ಸನ್ನೂ ಹೆಚ್ಚಿಸಿತು.

ಬೂಸ್ಟ್ ಬಂದ ಕೂಡಲೇ ಮ್ಯಾನಿಫೋಲ್ಡಿನಲ್ಲಿ ಎಳೆತ ಹೋಗಿ ಒತ್ತಡ ಬರುತ್ತದೆ. ಪಿಸಿವಿ ಬಾಗಿಲು ಆಗ ಬಿಗಿಯಾಗಿ ಮುಚ್ಚಲೇಬೇಕು. ಉಳಿಯುವುದು ಒಂದೇ ಬಾಗಿಲು, ಬ್ರೀದರ್. ಅದೂ ಉಲ್ಟಾ ದಿಕ್ಕಿನಲ್ಲಿ ಕೆಲಸ ಮಾಡಬೇಕು: ಇಷ್ಟು ಹೊತ್ತು ಗಾಳಿ ಒಳಬರುತ್ತಿದ್ದ ದಾರಿಯಿಂದಲೇ ಎಲ್ಲ ಬ್ಲೋ-ಬೈ ಹೊರಹೋಗಬೇಕು. ಎಂಜಿನ್ ತಯಾರಿಸಿದವರು ಆ ದಾರಿಯನ್ನು ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನಿನ ಲೆಕ್ಕದಲ್ಲಿ ಇಟ್ಟಿರುತ್ತಾರೆ. ಪಿಸಿವಿ ವಾಲ್ವ್ ಕೂಡ ಬ್ಯಾಕ್‌ಫೈರಿನ ಒಂದು ಕ್ಷಣದ ಹೊಡೆತಕ್ಕೆ ಮಾಡಿದ್ದು, ಇಡೀ ಗೇರ್ ಮುಗಿಯುವ ತನಕ 50 ಕಿಲೋಪಾಸ್ಕಲ್ ತಡೆದು ನಿಲ್ಲಲು ಮಾಡಿದ್ದಲ್ಲ. ಹೀಗಾಗಿ ನಿಮ್ಮಲ್ಲಿ ಒಂದು ಬಾಗಿಲು ಸೋರುತ್ತಿರಬಹುದು, ಇನ್ನೊಂದು ಇಕ್ಕಟ್ಟಾಗಿರಬಹುದು. ಬಹಳ ಸಲ ಎರಡೂ.

ಡಿಪ್‌ಸ್ಟಿಕ್ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಅದರ ಕೊಳವೆಯ ಒಳವ್ಯಾಸ 8 ಮಿಲಿಮೀಟರ್ ಎಂದರೆ ವಿಸ್ತೀರ್ಣ ಸುಮಾರು 50 ಚದರ ಮಿಲಿಮೀಟರ್. ಕ್ರ್ಯಾಂಕ್‌ಕೇಸಿನಲ್ಲಿ 10 ಕಿಲೋಪಾಸ್ಕಲ್ ಒತ್ತಡವಿದ್ದರೂ ಅದು ಎತ್ತಬಲ್ಲದ್ದು ಬರೀ 50 ಗ್ರಾಮ್. ಡಿಪ್‌ಸ್ಟಿಕ್ಕಿನ ತೂಕ, ಅದರ ಓ-ರಿಂಗಿನ ಹಿಡಿತ ಎರಡನ್ನೂ ಮೀರಿ ಅದು ಮೇಲೆದ್ದಿದೆ. ಅದುರುವಿಕೆಯೂ ಸ್ವಲ್ಪ ಕೈಜೋಡಿಸಿರಬಹುದು, ಒಪ್ಪುತ್ತೇನೆ. ಆದರೂ ನಿಮ್ಮದು ಒಂದೆರಡು ಕಿಲೋಪಾಸ್ಕಲ್ಲಿನ ವ್ಯವಹಾರ ಅಲ್ಲವೇ ಅಲ್ಲ. ಡಿಪ್‌ಸ್ಟಿಕ್ಕಿಗೆ ಸ್ಪ್ರಿಂಗ್ ಕಟ್ಟಿ ಕೆಳಗೆ ಹಿಡಿದಿಡುವವರನ್ನು ನೋಡಿದ್ದೇನೆ. ಆಗ ಅದೇ ಒತ್ತಡ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲನ್ನು ಹುಡುಕಿಕೊಂಡು ಹೋಗುತ್ತದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು.

ಮೊದಲು ಅಳೆಯಿರಿ. ಆಯಿಲ್ ತುಂಬುವ ಮುಚ್ಚಳಕ್ಕೆ ತೂತು ಕೊರೆದು ಅಥವಾ ಡಿಪ್‌ಸ್ಟಿಕ್ ಕೊಳವೆಗೆ ಒಂದು ಸಣ್ಣ ಹೋಸ್ ಸಿಕ್ಕಿಸಿ, ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಸೆನ್ಸರ್ ಒಂದನ್ನು ಜೋಡಿಸಿ ಲಾಗ್ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಎಂಜಿನ್ ನಿಂತಿರುವಾಗಿನ ಅಂಕಿ ನಿಮ್ಮ ಸೊನ್ನೆ. ಸೆನ್ಸರ್ ಇಲ್ಲದಿದ್ದರೆ ಐಡ್ಲಿಂಗ್ ಪರೀಕ್ಷೆಗೆ ಯು ಆಕಾರದ ಪಾರದರ್ಶಕ ಕೊಳವೆಯಲ್ಲಿ ಅರ್ಧ ನೀರು ಸಾಕು. ಎರಡು ಬದಿಯ ನೀರಿನ ಮಟ್ಟದಲ್ಲಿ 10 ಸೆಂಟಿಮೀಟರ್ ವ್ಯತ್ಯಾಸ ಎಂದರೆ ಸುಮಾರು 1 ಕಿಲೋಪಾಸ್ಕಲ್. ಓಡುವ ಗಾಡಿಯಲ್ಲಿ ಈ ನೀರಿನ ಕೊಳವೆ ಬೇಡ. ಒತ್ತಡ ಹೆಚ್ಚಿದರೆ ನೀರು ಸೀಟಿನ ಮೇಲಿರುತ್ತದೆ, ವ್ಯಾಕ್ಯೂಮ್ ಹೆಚ್ಚಿದರೆ ಎಂಜಿನ್ನಿನೊಳಗೆ.

ಐಡ್ಲಿಂಗಿನಲ್ಲಿ ಸೊನ್ನೆಗಿಂತ ಸ್ವಲ್ಪ ಕೆಳಗಿರಬೇಕು. ಪೂರ್ತಿ ಬೂಸ್ಟಿನಲ್ಲಿ ಸೊನ್ನೆಯ ಆಸುಪಾಸು ಇದ್ದರೆ ನನಗೆ ಸಮಾಧಾನ, ಒಂದೆರಡು ಕಿಲೋಪಾಸ್ಕಲ್ ಮೇಲೆ ಹೋದರೂ ತಲೆಕೆಡಿಸಿಕೊಳ್ಳುವುದಿಲ್ಲ. ಐದು ದಾಟಿದರೆ ಕೈಹಾಕಲೇಬೇಕು. ಒಮ್ಮೆ ಅಳೆದ ಮೇಲೆ ಪಿಸಿವಿ ಪೈಪನ್ನು ಕಳಚಿ, ಮ್ಯಾನಿಫೋಲ್ಡ್ ಕಡೆಯ ಬಾಯಿ ಹಾಗೂ ಎಂಜಿನ್ ಕಡೆಯ ಬಾಯಿ ಎರಡನ್ನೂ ಬಿಗಿಯಾಗಿ ಮುಚ್ಚಿ ಇನ್ನೊಮ್ಮೆ ಅದೇ ಗೇರಿನಲ್ಲಿ ಅದೇ ವೇಗಕ್ಕೆ ಓಡಿಸಿ. ಒತ್ತಡ ಧಡಕ್ಕನೆ ಇಳಿದರೆ ಕಳ್ಳ ಪಿಸಿವಿ ವಾಲ್ವ್. ಹಾಗೇ ಉಳಿದರೆ ಬ್ರೀದರ್ ಸಾಲುತ್ತಿಲ್ಲ, ಅಥವಾ ರಿಂಗ್ ಹೋಗಿವೆ. ಈ ಒಂದು ಪರೀಕ್ಷೆಯಿಂದ ಅರ್ಧ ಗೊಂದಲ ಕಳೆಯುತ್ತದೆ.

ಪಿಸಿವಿ ಕಡೆಯ ರಿಪೇರಿ ಸುಲಭ. ಪಿಸಿವಿ ವಾಲ್ವ್ ಇದ್ದಲ್ಲೇ ಇರಲಿ, ಮ್ಯಾನಿಫೋಲ್ಡಿನ ಹತ್ತಿರ ಒಂದು ಒಳ್ಳೆಯ ಚೆಕ್ ವಾಲ್ವ್ ಸೇರಿಸಿ. ಅನಿಲ ಎಂಜಿನ್ನಿನಿಂದ ಮ್ಯಾನಿಫೋಲ್ಡಿನತ್ತ ಹೋಗಬೇಕು, ಹಿಂದಕ್ಕೆ ಬರಬಾರದು. ಹಲವರು ಪಿಸಿವಿ ವಾಲ್ವನ್ನು ಕಿತ್ತೆಸೆದು ಬರೀ ಚೆಕ್ ವಾಲ್ವ್ ಹಾಕುತ್ತಾರೆ. ಚೆಕ್ ವಾಲ್ವಿಗೆ ಹಾದಿಯನ್ನು ಕಿರಿದು ಮಾಡುವ ಬುದ್ಧಿ ಇಲ್ಲ. ಐಡ್ಲಿಂಗಿನ ಪೂರ್ತಿ ವ್ಯಾಕ್ಯೂಮ್ ಕ್ರ್ಯಾಂಕ್‌ಕೇಸಿನ ಮೇಲೆ ಬೀಳುತ್ತದೆ, ಎಣ್ಣೆಯನ್ನು ಹೀರುತ್ತದೆ, ಐಡ್ಲಿಂಗ್ ಏರುತ್ತದೆ. ಹಾದಿಯನ್ನು ಅಳೆದು ಬಿಡುವವರು ಒಬ್ಬರು, ಹಿಂದಕ್ಕೆ ಬರದಂತೆ ತಡೆಯುವವರು ಇನ್ನೊಬ್ಬರು, ಇಬ್ಬರೂ ಬೇಕು. ಚೆಕ್ ವಾಲ್ವನ್ನು ಬಾಯಿಂದ ಊದಿ ಪರೀಕ್ಷಿಸಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಬೂಸ್ಟಿನಷ್ಟೇ ಒತ್ತಡದ ಗಾಳಿಯನ್ನು ಉಲ್ಟಾ ಕಡೆಯಿಂದ ಬಿಟ್ಟು ಇನ್ನೊಂದು ತುದಿಗೆ ಸೋಪಿನ ನೀರು ಹಚ್ಚಿ ನೋಡಿ. ಬಿಸಿ ಎಣ್ಣೆಗೆ ಒಗ್ಗದ ರಬ್ಬರಿನ ವಾಲ್ವ್ ಕೆಲ ತಿಂಗಳಲ್ಲಿ ಊದಿಕೊಂಡು ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಪ್ರತಿ ಆಯಿಲ್ ಬದಲಾವಣೆಯ ಹೊತ್ತಿಗೆ ಈ ಪರೀಕ್ಷೆ ಆಗಲಿ.

ಈ ಪೈಪಿನಲ್ಲಿ ಕ್ಯಾಚ್ ಕ್ಯಾನ್ ಹಾಕುವುದಾದರೆ ಕ್ರಮ ಹೀಗೆ: ಎಂಜಿನ್, ಆಮೇಲೆ ಕ್ಯಾನ್, ಆಮೇಲೆ ಚೆಕ್ ವಾಲ್ವ್, ಕೊನೆಗೆ ಮ್ಯಾನಿಫೋಲ್ಡ್. ಚೆಕ್ ವಾಲ್ವನ್ನು ಕ್ಯಾನಿಗಿಂತ ಎಂಜಿನ್ ಕಡೆಗೆ ಇಟ್ಟರೆ ಕ್ಯಾನಿನೊಳಗೆ ಬೂಸ್ಟ್ ತುಂಬುತ್ತದೆ. ಅದರ ಅಳತೆಕಡ್ಡಿಯ ಸಂದಿಯಿಂದಲೋ ತಳದ ನಲ್ಲಿಯಿಂದಲೋ ಎಣ್ಣೆ ಚಿಮ್ಮುತ್ತದೆ.

ನಿಜವಾದ ಕೆಲಸ ಇರುವುದು ಬ್ರೀದರ್ ಕಡೆ, ಜನ ಕಡಿಮೆ ಗಮನ ಕೊಡುವುದೂ ಅಲ್ಲೇ. ನಿಮ್ಮ ಈಗಿನ ಬ್ರೀದರ್ ಪೈಪಿನ ಒಳವ್ಯಾಸ 10 ಮಿಲಿಮೀಟರ್ ಇದೆ ಎಂದುಕೊಳ್ಳೋಣ. ಅದನ್ನು 19 ಮಿಲಿಮೀಟರಿಗೆ ಏರಿಸಿದರೆ ವಿಸ್ತೀರ್ಣ 3.6 ಪಟ್ಟಾಗುತ್ತದೆ. ಅಷ್ಟೇ ಅನಿಲ ಹಾಯುವಾಗ ಬೇಕಾಗುವ ಒತ್ತಡ ಸರಿಸುಮಾರು 13ನೇ ಒಂದು ಭಾಗಕ್ಕೆ ಇಳಿಯುತ್ತದೆ, ಏಕೆಂದರೆ ಅದು ವಿಸ್ತೀರ್ಣದ ವರ್ಗಕ್ಕೆ ವಿಲೋಮ. ಕ್ರ್ಯಾಂಕ್‌ಕೇಸಿನಲ್ಲಿ 10 ಕಿಲೋಪಾಸ್ಕಲ್ ಇದ್ದದ್ದು 1ಕ್ಕಿಂತ ಕೆಳಗೆ ಬರಬಹುದು, ಬರೀ ಪೈಪಿನಿಂದ. ಆದರೆ ಒಂದು ಷರತ್ತು: ದಾರಿಯ ಅತಿ ಕಿರಿದಾದ ಜಾಗವೇ ಲೆಕ್ಕಕ್ಕೆ ಬರುವುದು. 19 ಮಿಲಿಮೀಟರ್ ಹೋಸ್ ಹಾಕಿ, ಟ್ಯಾಪೆಟ್ ಕವರಿನ ಬಾಯಿ 9 ಮಿಲಿಮೀಟರೇ ಉಳಿದರೆ ಹಣ ಹೋಯಿತು, ಒತ್ತಡ ಉಳಿಯಿತು. ಬಾಯಿಯನ್ನೇ ದೊಡ್ಡದು ಮಾಡಿಸಬೇಕು, ಅಥವಾ ಕವರಿಗೆ ಎರಡನೇ ಬಾಯಿ ಬೆಸುಗೆ ಹಾಕಿಸಬೇಕು. ವಿ ಆಕಾರದ ಎಂಜಿನ್ನಾದರೆ ಎರಡೂ ಬದಿಯ ಕವರುಗಳಿಂದ ತೆಗೆಯುವುದು ಉತ್ತಮ.

ಬಾಯಿಯ ಒಳಬದಿಯಲ್ಲಿ ತಗಡಿನ ತಡೆ ಇರಲೇಬೇಕು. ಕ್ಯಾಮ್‌ಶಾಫ್ಟ್ ಎರಚುವ ಎಣ್ಣೆ ನೇರ ಬಾಯಿಗೆ ಹೊಡೆದರೆ ಯಾವ ಕ್ಯಾನೂ ತಾಳುವುದಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಬ್ಲೋ-ಬೈ ಹುಟ್ಟುವುದು ಕೆಳಗೆ, ಬ್ರೀದರ್ ಇರುವುದು ಮೇಲೆ. ನಡುವೆ ಅನಿಲ ಮೇಲೇರುವುದು, ಬಹಳಷ್ಟು ಎಂಜಿನ್ನುಗಳಲ್ಲಿ, ಹೆಡ್ಡಿನಿಂದ ಎಣ್ಣೆ ಕೆಳಗಿಳಿಯುವ ಅದೇ ತೂತುಗಳಿಂದ. ಅನಿಲದ ರಭಸ ಹೆಚ್ಚಾದರೆ ಎಣ್ಣೆ ಇಳಿಯಲಾರದೆ ಮೇಲೆಯೇ ನಿಲ್ಲುತ್ತದೆ, ಬ್ರೀದರಿನಲ್ಲಿ ಹೊರಬರುತ್ತದೆ, ಎಂಜಿನ್ ತಳದ ಎಣ್ಣೆಯ ತೊಟ್ಟಿಯಾದ ಸಂಪಿನಲ್ಲಿ ಕಡಿಮೆಯಾಗುತ್ತದೆ. ಕ್ಯಾನಿನಲ್ಲಿ ಪ್ರತಿ ಓಟಕ್ಕೂ ಅರ್ಧ ಲೋಟ ಶುದ್ಧ ಎಣ್ಣೆ ಸಿಗುತ್ತಿದ್ದರೆ ಇದನ್ನೇ ಅನುಮಾನಿಸಿ. ಆಗ ಕ್ಯಾನನ್ನು ದೊಡ್ಡದು ಮಾಡುವುದಲ್ಲ, ಬ್ಲಾಕಿನ ಕೆಳಭಾಗದಿಂದ ಇನ್ನೊಂದು ದಾರಿ ತೆಗೆಯುವುದು ಮದ್ದು.

ಬ್ರೀದರ್ ಎಲ್ಲಿಗೆ ಹೋಗಬೇಕು? ಸೂಪರ್‌ಚಾರ್ಜರಿನ ಬಾಯಿಗೆ, ಏರ್ ಫಿಲ್ಟರ್ ಹಾಗೂ ಒಳಹೋಗುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರ್ ಎರಡೂ ಆದ ಮೇಲಿನ ಪೈಪಿಗೆ. ಪೂರ್ತಿ ಬೂಸ್ಟಿನಲ್ಲೂ ಆ ಜಾಗದಲ್ಲಿ ಫಿಲ್ಟರಿನ ತಡೆಯಿಂದಾಗಿ ಸ್ವಲ್ಪ ಎಳೆತ ಇದ್ದೇ ಇರುತ್ತದೆ. ಹೆಚ್ಚು ಗಾಳಿ ಹೋದಷ್ಟೂ ಎಳೆತ ಹೆಚ್ಚು, ಅಂದರೆ ಬೇಕಾದಾಗಲೇ ಬೇಕಾದಷ್ಟು. ಒಳಗೆ ಚಾಚುವ ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಕತ್ತರಿಸಿದ ಮುಖ ಸೂಪರ್‌ಚಾರ್ಜರಿನ ಕಡೆಗೆ ಇರುವಂತೆ ಕೂರಿಸಿದರೆ ಇನ್ನೂ ಸ್ವಲ್ಪ ಎಳೆತ ಸಿಗುತ್ತದೆ. ಉಲ್ಟಾ ಕೂರಿಸಿದರೆ ಗಾಳಿ ಒಳಗೆ ನೂಕುತ್ತದೆ, ಎಚ್ಚರ.

ಈ ಪೈಪಿನಲ್ಲೂ ಒಂದು ಕ್ಯಾನ್ ಬೇಕು, ಪಿಸಿವಿ ಕಡೆಯದಕ್ಕಿಂತ ದೊಡ್ಡದು. ಬೂಸ್ಟಿನ ಹೊತ್ತಿನ ಎಣ್ಣೆ ಎಲ್ಲ ಬರುವುದು ಇಲ್ಲಿಗೆ. ಎರಡು ಪೈಪನ್ನೂ ಒಂದೇ ಕ್ಯಾನಿಗೆ ತಂದು ಸೇರಿಸುವ ಚಿತ್ರಗಳು ಎಲ್ಲೆಲ್ಲೂ ಸಿಗುತ್ತವೆ. ನೋಡಲು ಚೊಕ್ಕಟ. ಆದರೆ ಐಡ್ಲಿಂಗಿನಲ್ಲಿ ಬ್ರೀದರಿನಿಂದ ಬಂದ ಶುದ್ಧ ಗಾಳಿ ಕ್ರ್ಯಾಂಕ್‌ಕೇಸಿಗೆ ಇಳಿಯದೆ ಕ್ಯಾನಿನೊಳಗೇ ತಿರುಗಿ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಕೋಣೆ ಗುಡಿಸುವ ಕೆಲಸ ನಿಂತುಹೋಗುತ್ತದೆ, ಆಯಿಲಿನಲ್ಲಿ ನೀರು, ಪೆಟ್ರೋಲ್ ಉಳಿಯುತ್ತವೆ. ಎರಡು ಕ್ಯಾನ್ ಹಾಕಿ, ಇಲ್ಲವೇ ಒಳಗೆ ಗೋಡೆಯಿಂದ ಪೂರ್ತಿ ಬೇರ್ಪಡಿಸಿದ ಎರಡು ಕೋಣೆಯ ಕ್ಯಾನ್ ತನ್ನಿ.

ಗೆಳೆಯನ ಫಿಲ್ಟರುಗಳ ಬಗ್ಗೆ. ಬ್ರೀದರಿಗೆ ಬಯಲು ಫಿಲ್ಟರ್ ಹಾಕಿ ಪಿಸಿವಿಯನ್ನು ಹಾಗೇ ಬಿಟ್ಟರೆ, ಐಡ್ಲಿಂಗಿನಲ್ಲಿ ಆ ಫಿಲ್ಟರಿನಿಂದ ಒಳಬರುವ ಗಾಳಿಯನ್ನು ಏರ್‌ಫ್ಲೋ ಸೆನ್ಸರ್ ಕಂಡೇ ಇರುವುದಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ತಿದ್ದಲು ಒದ್ದಾಡುತ್ತದೆ, ಐಡ್ಲಿಂಗ್ ಓಲಾಡುತ್ತದೆ. ಪಿಸಿವಿಯನ್ನೂ ಮುಚ್ಚಿ ಎರಡನ್ನೂ ಬಯಲಿಗೆ ಬಿಟ್ಟರೆ ಮಿಶ್ರಣದ ತೊಂದರೆ ಇಲ್ಲ, ಆದರೆ ಎಳೆತವೂ ಇಲ್ಲ. ಗುಡಿಸುವವರಿಲ್ಲದೆ ಆಯಿಲ್ ಬೇಗ ಕೆಡುತ್ತದೆ. ಓಟ ಮುಗಿದ ಮೇಲೆ ಎಂಜಿನ್ ಬಿಚ್ಚಿ ನೋಡುವ ಟ್ರ್ಯಾಕ್ ಕಾರಿಗೆ ಅದು ನಡೆಯುತ್ತದೆ. ದಿನಾ ಓಡಿಸುವ ಗಾಡಿಗಲ್ಲ: ಕ್ಯಾಬಿನ್ನಿನಲ್ಲಿ ವಾಸನೆ, ಫಿಲ್ಟರ್ ನೆಂದು ತೊಟ್ಟಿಕ್ಕುವ ಎಣ್ಣೆ, ಆ ಎಣ್ಣೆ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ. ರಸ್ತೆಯ ವಾಹನದ ಕ್ರ್ಯಾಂಕ್‌ಕೇಸನ್ನು ಬಯಲಿಗೆ ಬಿಡುವುದನ್ನು ಅಮೆರಿಕ, ಯುರೋಪ್ ಸೇರಿ ಹಲವೆಡೆ ಕಾನೂನು ಒಪ್ಪುವುದಿಲ್ಲ ಕೂಡ.

ಏರ್‌ಫ್ಲೋ ಸೆನ್ಸರನ್ನು ಸೂಪರ್‌ಚಾರ್ಜರ್ ಆದ ಮೇಲೆ, ಥ್ರಾಟಲಿಗೆ ಮೊದಲು ಇಟ್ಟಿರುವ ಕಿಟ್ಟುಗಳೂ ಇವೆ. ನಿಮ್ಮದು ಹಾಗಿದ್ದರೆ ಇಕ್ಕಟ್ಟು. ಸೆನ್ಸರಿನ ನಂತರದ ಜಾಗದಿಂದ ಬ್ರೀದರಿಗೆ ಗಾಳಿ ಕೊಟ್ಟರೆ ಲೆಕ್ಕ ಸರಿಬರುತ್ತದೆ, ಆದರೆ ಬೂಸ್ಟ್ ಬಂದಾಗ ಅದೇ ಜಾಗದಲ್ಲಿ 50 ಕಿಲೋಪಾಸ್ಕಲ್, ನೇರ ಕ್ರ್ಯಾಂಕ್‌ಕೇಸಿಗೆ. ನಡುವೆ ಚೆಕ್ ವಾಲ್ವ್ ಹಾಕೋಣವೆಂದರೆ ಅದೂ ಉಪಯೋಗಕ್ಕಿಲ್ಲ. ಶುದ್ಧ ಗಾಳಿ ಬರುವ ದಿಕ್ಕೂ ಬೂಸ್ಟ್ ನುಗ್ಗುವ ದಿಕ್ಕೂ ಒಂದೇ. ಅಂಥ ಗಾಡಿಯಲ್ಲಿ ಬ್ರೀದರ್ ಸೂಪರ್‌ಚಾರ್ಜರಿನ ಬಾಯಿಗೇ ಹೋಗಲಿ. ಪಿಸಿವಿಯಿಂದ ಲೆಕ್ಕತಪ್ಪಿ ಬರುವ ಗಾಳಿಯನ್ನು ಟ್ಯೂನಿಂಗಿನಲ್ಲಿ ಸರಿದೂಗಿಸಬೇಕು. ಸೆನ್ಸರಿಗೆ ಎಣ್ಣೆ ಮೆತ್ತದಂತೆ ಕ್ಯಾನ್ ಚೆನ್ನಾಗಿರಬೇಕು.

ಜೋಡಿ ರೋಟರುಗಳಿಂದ ಗಾಳಿ ತಳ್ಳುವ ರೂಟ್ಸ್ ಅಥವಾ ಟ್ವಿನ್ ಸ್ಕ್ರೂ ಸೂಪರ್‌ಚಾರ್ಜರ್ ಇರುವವರು ಇದನ್ನು ಓದುತ್ತಿದ್ದರೆ: ನಿಮ್ಮಲ್ಲಿ ಸಾಮಾನ್ಯವಾಗಿ ಥ್ರಾಟಲ್ ಸೂಪರ್‌ಚಾರ್ಜರಿಗಿಂತ ಮೊದಲೇ ಇರುತ್ತದೆ. ಥ್ರಾಟಲ್ ಮತ್ತು ರೋಟರುಗಳ ನಡುವಿನ ಜಾಗಕ್ಕೆ ಬೂಸ್ಟ್ ತಟ್ಟುವುದೇ ಇಲ್ಲ. ಪಿಸಿವಿ ಅಲ್ಲಿಗೆ ಸೇರಿದರೆ ಅರ್ಧ ತಲೆನೋವು ಹೋಯಿತು. ರೋಟರುಗಳ ಕೆಳಗಿನ ಮ್ಯಾನಿಫೋಲ್ಡಿಗೆ ಸೇರಿದ್ದರೆ ಮಾತ್ರ ಮೇಲೆ ಹೇಳಿದ ಚೆಕ್ ವಾಲ್ವ್ ಕಥೆ ನಿಮಗೂ ಅನ್ವಯ.

ಇಂಟರ್‌ಕೂಲರ್ ಪೈಪಿನ ಎಣ್ಣೆಗೆ ಬ್ರೀದರ್ ಒಂದೇ ಕಾರಣವಾಗಿರಬೇಕಿಲ್ಲ. ಕೆಲವು ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರುಗಳ ಗೇರಿಗೆ ಎಂಜಿನ್ನಿನಿಂದಲೇ ಆಯಿಲ್ ಹೋಗುತ್ತದೆ, ಬಳಸಿದ ಆಯಿಲ್ ತನ್ನ ಭಾರಕ್ಕೆ ಇಳಿದು ಸಂಪಿಗೆ ಮರಳುತ್ತದೆ. ಸಂಪಿನಲ್ಲಿ ಒತ್ತಡ ತುಂಬಿದರೆ ಆ ಆಯಿಲ್ ಇಳಿಯಲಾರದು, ಸೀಲ್ ದಾಟಿ ಗಾಳಿಯ ಹಾದಿಗೆ ಸೇರುತ್ತದೆ. ಸೀಲ್ ಹೋಗಿದೆಯೆಂದು ಇಡೀ ಸೂಪರ್‌ಚಾರ್ಜರ್ ಬಿಚ್ಚುವ ಮೊದಲು ಕ್ರ್ಯಾಂಕ್‌ಕೇಸಿನ ಒತ್ತಡ ಇಳಿಸಿ ನೋಡಿ. ಎಣ್ಣೆ ಎಲ್ಲಿಂದಲೇ ಬರಲಿ, ಪೆಟ್ರೋಲಿನೊಡನೆ ಉರಿಯಲು ಬಿಡಬೇಡಿ. ಅದು ಮಿಶ್ರಣದ ಆಕ್ಟೇನ್ ಇಳಿಸುತ್ತದೆ, ಬೂಸ್ಟ್ ಇರುವ ಎಂಜಿನ್ನಿನಲ್ಲಿ ನಾಕಿಂಗಿಗೆ (ಮಿಶ್ರಣ ತಾನಾಗಿ ಸಿಡಿಯುವುದಕ್ಕೆ) ಅಷ್ಟೇ ನೆಪ ಸಾಕು.

ಕ್ಯಾನ್ ಕೊಳ್ಳುವಾಗ ಹೊಳಪು ನೋಡಬೇಡಿ, ಮುಚ್ಚಳ ತೆಗೆದು ಒಳಗೆ ನೋಡಿ. ಖಾಲಿ ಡಬ್ಬಿಯಾದರೆ ಮಂಜಿನಂಥ ಎಣ್ಣೆ ಒಂದು ಬಾಯಿಂದ ಬಂದು ಇನ್ನೊಂದರಿಂದ ಹೊರಡುತ್ತದೆ. ಅನಿಲ ನಿಧಾನವಾಗುವಷ್ಟು ಜಾಗ, ಹಾದಿ ತಿರುಗಿಸುವ ತಗಡು, ಸಣ್ಣ ಹನಿಗಳು ಅಂಟಿ ದೊಡ್ಡದಾಗಲು ಸ್ಟೀಲ್ ಜಾಲರಿ, ಇಷ್ಟು ಇರಬೇಕು. ಜಾಲರಿ ಅತಿ ದಟ್ಟವಾದರೆ ಅದೇ ಅಡ್ಡಿಯಾಗುತ್ತದೆ. ಎಕ್ಸಾಸ್ಟಿನಿಂದ ದೂರ, ತಂಪಾದ ಜಾಗದಲ್ಲಿ ಕೂರಿಸಿ. ಹೋಸ್ ಎಲ್ಲೂ ಜೋತು ಬೀಳದಿರಲಿ, ತಗ್ಗಿನಲ್ಲಿ ನೀರು ನಿಂತು ದಾರಿ ಮುಚ್ಚುತ್ತದೆ, ಚಳಿಯ ಸೀಮೆಯಲ್ಲಿ ಹೆಪ್ಪುಗಟ್ಟುತ್ತದೆ. ಅಂದವಾಗಿ ಕಾಣುವ ಸಾದಾ ಸಿಲಿಕೋನ್ ಹೋಸ್ ಎಣ್ಣೆಗೆ ಮೆತ್ತಗಾಗಿ ಬೆವರುತ್ತದೆ. ಒಳಪದರ ಫ್ಲೋರೋಸಿಲಿಕೋನ್ ಇರುವುದು ಅಥವಾ ಎಣ್ಣೆ ತಾಳುವ ನೈಟ್ರೈಲ್ ರಬ್ಬರಿನದು ತೆಗೆದುಕೊಳ್ಳಿ. ಪಿಸಿವಿ ಕಡೆಯ ಹೋಸ್ ವ್ಯಾಕ್ಯೂಮಿಗೆ ಚಪ್ಪಟೆಯಾಗಬಾರದು. ಕ್ಯಾನಿನಲ್ಲಿ ಹಾಲಿನ ಬಣ್ಣದ ಗಸಿ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೌಹಾರಬೇಡಿ. ತಂಪು ಹವೆಯಲ್ಲಿ, ಚಿಕ್ಕ ಓಡಾಟಗಳಲ್ಲಿ ಅದು ಮಾಮೂಲು. ಆ ಗಸಿಯನ್ನು ಮತ್ತೆ ಎಂಜಿನ್ನಿಗೆ ಸುರಿಯಬೇಡಿ.

ಎಕ್ಸಾಸ್ಟಿನ ರಭಸದಿಂದ ಎಳೆಯುವ ಕೊಳವೆ, ಬೆಲ್ಟಿನಿಂದ ಓಡುವ ವ್ಯಾಕ್ಯೂಮ್ ಪಂಪ್ ಇವೆಲ್ಲ ರೇಸಿನವರ ಸರಕು. ಮೊದಲನೆಯದು ಸೈಲೆನ್ಸರ್, ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಕೆಲಸ ಮಾಡುವುದಿಲ್ಲ. 0.5 ಬಾರಿಗೆ ಎರಡನೆಯದು ಬೇಕಾಗಿಲ್ಲ.

ಇಷ್ಟೆಲ್ಲ ಮಾಡಿಯೂ, ಪಿಸಿವಿ ಮುಚ್ಚಿ ದಾರಿ ಅಗಲ ಮಾಡಿದ ಮೇಲೂ ಒತ್ತಡ ಇಳಿಯದಿದ್ದರೆ ಪೈಪುಗಳನ್ನು ಬಿಟ್ಟು ಲೀಕ್-ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು) ಮಾಡಿಸಿ. ಎಂಜಿನ್ ಬಿಸಿಯಿರಲಿ. ಪ್ರತಿ ಸಿಲಿಂಡರಿನ ಸೋರಿಕೆ ಶೇ 10ರೊಳಗಿದ್ದರೆ ರಿಂಗ್ ಚೆನ್ನಾಗಿವೆ, ಶೇ 20 ದಾಟಿದರೆ ಎಂಜಿನ್ ಬಿಚ್ಚುವ ಮಾತು ಶುರುವಾಗಬೇಕು. ನಾಲ್ಕೂ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ ಸವಕಲು. ಮೂರು ಸರಿಯಿದ್ದು ಒಂದೇ ಸಿಲಿಂಡರ್ ಜೋರಾಗಿ ಸೋರಿ, ಆಯಿಲ್ ಮುಚ್ಚಳದ ಬಾಯಿಯಲ್ಲಿ ಬುಸುಗುಟ್ಟುವ ಸದ್ದು ಕೇಳಿದರೆ ನಾಕಿಂಗಿಗೆ ಸಿಕ್ಕಿ ಆ ಪಿಸ್ಟನ್ನಿನ ರಿಂಗ್ ಮುರಿದಿರಬಹುದು, ಎರಡು ರಿಂಗುಗಳ ನಡುವಿನ ಅಂಚು ಒಡೆದಿರಬಹುದು. ಹಾಗಾದಲ್ಲಿ ಗಾಡಿಯನ್ನು ಬೂಸ್ಟಿಗೆ ಒಯ್ಯುವುದನ್ನು ಆವತ್ತೇ ನಿಲ್ಲಿಸಿ, ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ (ತೆಳು ಕೊಳವೆಯ ಕ್ಯಾಮೆರಾ) ಇಳಿಸಿ ಆ ಸಿಲಿಂಡರಿನ ಗೋಡೆಯಲ್ಲಿ ಗೀರು ಬಿದ್ದಿದೆಯೇ ನೋಡಿಸಿ.